ಮೊದಲ ಸಲ ಬೈಬಲ್ ಓದೋರು ಯಾವ ಕನ್ನಡ ಅನುವಾದ ತಗೊಳ್ಳಬೇಕು?

ಹುಬ್ಬಳ್ಳಿ-ಧಾರವಾಡದ ಕಡೆ ಬೈಬಲ್ ಅನ್ನೋ ಹೆಸರು ಯಾರಿಗೂ ಹೊಸದಲ್ಲ. ಧಾರವಾಡದ ಬಾಸೆಲ್ ಮಿಷನ್ ಹೈಸ್ಕೂಲಿನಲ್ಲಿ ಕಲಿತವರು, ಕಿಟೆಲ್ ಕಾಲೇಜಿನಲ್ಲಿ ಓದಿದವರು, ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮ ನಡುವೆ ಸಾಕಷ್ಟು ಜನ ಇದ್ದಾರೆ. ಗಿಡಿಯನ್ಸ್ ಅನ್ನೋ ಕ್ರೈಸ್ತ ಸಂಸ್ಥೆಯವರು ಪುಕ್ಕಟೆ ಹಂಚುವ ಅಂಗೈಯಗಲದ ಪುಸ್ತಕವೂ ಎಷ್ಟೋ ಮನೆಗಳ ಟ್ರಂಕಿನಲ್ಲಿ ಬಿದ್ದಿರುತ್ತದೆ. ಆದರೆ ಕೂತು ಓದಿದವರು ಕಡಿಮೆ.

ಓದಬೇಕು ಅನ್ನೋ ಮನಸ್ಸು ಒಬ್ಬೊಬ್ಬರಿಗೆ ಒಂದೊಂದು ಕಾರಣಕ್ಕೆ ಬರುತ್ತದೆ. ಎಂ.ಎ. ಕನ್ನಡದ ಹುಡುಗಿಗೆ ಮಿಷನರಿ ಗದ್ಯದ ಬಗ್ಗೆ ಸೆಮಿನಾರ್ ಇರುತ್ತದೆ. ಇನ್ನೊಬ್ಬರ ಮನೆಗೆ ಕ್ರೈಸ್ತ ಸೊಸೆ ಬಂದಿರುತ್ತಾಳೆ. ಮತ್ತೊಬ್ಬರು ಈಗಷ್ಟೇ ಚರ್ಚಿಗೆ ಹೋಗಲು ಶುರು ಮಾಡಿರುತ್ತಾರೆ. ಕಾರಣ ಏನೇ ಇರಲಿ, ಅಂಗಡಿಗೆ ಹೋಗಿ "ಒಂದು ಬೈಬಲ್ ಕೊಡ್ರಿ" ಅಂದರೆ ಆ ಕಡೆಯಿಂದ ಬರೋ ಪ್ರಶ್ನೆ ಒಂದೇ: "ಯಾವ್ದು ಬೇಕ್ರಿ, ಜೆ.ವಿ.ನೋ ಸಿ.ಎಲ್ಲೋ?"

ಹೊಸಬರು ಇಲ್ಲೇ ತಡವರಿಸುತ್ತಾರೆ. ಬೈಬಲ್ ಅಂದರೆ ಒಂದೇ ಅಲ್ವಾ, ಅದರಲ್ಲಿ ಯಾವುದು ಅಂದರೇನು? ಮೊದಲಿಂದ ನೋಡೋಣ.

## ಪುಸ್ತಕದ ಒಳಗೆ ಏನಿದೆ

ಬೈಬಲ್ ಒಬ್ಬರು ಕೂತು ಬರೆದ ಗ್ರಂಥ ಅಲ್ಲ. ನೂರಾರು ವರ್ಷಗಳ ಅಂತರದಲ್ಲಿ, ಬೇರೆ ಬೇರೆಯವರು ಬರೆದ ಹಲವು ಪುಸ್ತಕಗಳನ್ನು ಸೇರಿಸಿ ಕಟ್ಟಿದ ಸಂಪುಟ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕಗಳಿವೆ. ಅದರಲ್ಲಿ 39 ಹಳೆ ಒಡಂಬಡಿಕೆ, 27 ಹೊಸ ಒಡಂಬಡಿಕೆ. ಹಳೆಯದು ಯೇಸುವಿಗಿಂತ ಮುಂಚಿನದು. ಇಸ್ರೇಲ್ ಜನರ ಕಥೆ, ಕಾನೂನು, ಹಾಡು, ಪ್ರವಾದಿಗಳ ಮಾತು ಎಲ್ಲ ಅದರಲ್ಲಿದೆ. ಹೊಸದರಲ್ಲಿ ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳು (ಮತ್ತಾಯ, ಮಾರ್ಕ, ಲೂಕ, ಯೋಹಾನ), ಮೊದಲ ಶಿಷ್ಯರ ಕಥೆ, ಕೊನೆಗೊಂದಿಷ್ಟು ಪತ್ರಗಳು ಮತ್ತು ಪ್ರಕಟನೆ ಅನ್ನೋ ಕಡೆಯ ಪುಸ್ತಕ.

ಹಳೆ ಒಡಂಬಡಿಕೆ ಬಹುಪಾಲು ಹೀಬ್ರೂ ಭಾಷೆಯಲ್ಲಿದೆ. ದಾನಿಯೇಲ, ಎಜ್ರ ಪುಸ್ತಕಗಳ ಕೆಲವು ಭಾಗ ಅರಮಾಯಿಕ್‌ನಲ್ಲಿದೆ. ಹೊಸ ಒಡಂಬಡಿಕೆ ಗ್ರೀಕ್‌ನಲ್ಲಿದೆ. ಅಂದರೆ ಕನ್ನಡದಲ್ಲಿ ನಾವು ಓದೋದು ಎಲ್ಲವೂ ಅನುವಾದವೇ. ಇಂಗ್ಲಿಷಿನದೂ ಅನುವಾದವೇ, ಅದು ಮೂಲ ಅಲ್ಲ. ಇದನ್ನು ಮರೆತು "ಇಂಗ್ಲಿಷ್‌ನಲ್ಲಿ ಹಿಂಗಿಲ್ವಲ್ಲ" ಅಂತ ಕನ್ನಡ ಬೈಬಲಿನ ತಪ್ಪು ಹುಡುಕೋರು ಬಹಳ ಜನ.

ಗುರುತು ಹೇಳೋ ಕ್ರಮ ಒಂದು ತಿಳಿದಿರಲಿ. "ಲೂಕ 15:11" ಅಂದರೆ ಲೂಕನ ಸುವಾರ್ತೆಯ 15ನೇ ಅಧ್ಯಾಯ, 11ನೇ ವಚನ. ನಮ್ಮ ಕಡೆ ವಚನ ಅಂದ ಕೂಡಲೇ ಬಸವಣ್ಣ ನೆನಪಾಗುತ್ತಾರೆ, ಇಲ್ಲಿ ವಚನ ಅಂದರೆ ಅಂಕಿ ಹಾಕಿದ ಒಂದೆರಡು ಸಾಲು ಅಷ್ಟೇ. ಈ ಅಂಕಿಗಳು ಮೂಲದಲ್ಲಿ ಇರಲಿಲ್ಲ. ಈಗಿನ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ಅಂಕಿ ಹಾಕಿದ್ದು ರಾಬರ್ಟ್ ಎಸ್ಟಿಯೆನ್ ಅನ್ನೋ ಮುದ್ರಕ, 1551ರಲ್ಲಿ.

## ಇಷ್ಟೊಂದು ಅನುವಾದ ಯಾಕೆ?

ಅನುವಾದ ಮಾಡೋರ ಮುಂದೆ ಎರಡು ದಾರಿ ಇರುತ್ತವೆ. ಮೂಲದಲ್ಲಿ ಮಾತು ಹೇಗಿದೆಯೋ ಆದಷ್ಟು ಹಾಗೇ ಕನ್ನಡಕ್ಕೆ ತರೋದು ಒಂದು. ಮೂಲದವನು ಹೇಳಬೇಕೆಂದದ್ದನ್ನು ತಿಳಿದುಕೊಂಡು ನಾವು ಮಾತಾಡೋ ರೀತಿಯಲ್ಲಿ ಹೇಳೋದು ಇನ್ನೊಂದು. ಗದಗಿನ ವೀರನಾರಾಯಣ ಗುಡಿಯಲ್ಲಿ ಕೂತು ಬರೆದ ಅಂತ ನಾವು ಹೆಮ್ಮೆಪಡುವ ಕುಮಾರವ್ಯಾಸನ ಭಾರತವನ್ನೇ ತಗೊಳ್ಳಿ. ಒಬ್ಬರು ಷಟ್ಪದಿಯ ಒಂದೊಂದು ಪದಕ್ಕೂ ಅರ್ಥ ಬರೆದು ಕೊಡುತ್ತಾರೆ, ಇನ್ನೊಬ್ಬರು ಇಡೀ ಪದ್ಯದ ತಾತ್ಪರ್ಯವನ್ನು ಸರಳ ಗದ್ಯದಲ್ಲಿ ಹೇಳುತ್ತಾರೆ. ಮೊದಲನೆಯದರಲ್ಲಿ ಕವಿಯ ಮಾತು ಹತ್ತಿರದಿಂದ ಕಾಣುತ್ತದೆ, ಓದು ಮಾತ್ರ ನಿಧಾನ. ಎರಡನೆಯದರಲ್ಲಿ ಕಥೆ ಸರಾಗವಾಗಿ ಓಡುತ್ತದೆ, ಆದರೆ ಕವಿ ಬಳಸಿದ ಮಾತು ಯಾವುದು, ತಾತ್ಪರ್ಯ ಬರೆದವರು ಸೇರಿಸಿದ್ದು ಯಾವುದು ಅಂತ ಗೊತ್ತಾಗಲ್ಲ. ಎರಡೂ ಪ್ರಾಮಾಣಿಕ ಕೆಲಸವೇ.

ಉದಾಹರಣೆ ನೋಡಿ. ಆಮೋಸ ಅನ್ನೋ ಪ್ರವಾದಿಯ ಪುಸ್ತಕದ 4:6ರ ಹೀಬ್ರೂವಿನಲ್ಲಿ ದೇವರು "ನಿಮಗೆ ಹಲ್ಲಿನ ಶುಭ್ರತೆ ಕೊಟ್ಟೆ" ಅನ್ನೋ ಅರ್ಥದ ಮಾತಿದೆ. ಹಾಗೇ ಕನ್ನಡಕ್ಕೆ ಇಳಿಸಿದರೆ ದೇವರು ಹಲ್ಲುಜ್ಜಿಸಿದ ಹಾಗೆ ಕೇಳುತ್ತದೆ! ಅಲ್ಲಿರೋದು ಬರಗಾಲದ ಮಾತು. ತಿನ್ನಲು ಏನೂ ಇಲ್ಲ, ಅದಕ್ಕೇ ಹಲ್ಲಿಗೆ ಏನೂ ಅಂಟಿಲ್ಲ. ಇಂಥ ಕಡೆ ಅರ್ಥ ಹಿಡಿದು ಹೋಗದೆ ಗತ್ಯಂತರ ಇಲ್ಲ.

ಆದರೆ ಪ್ರತಿ ಸಲ ಹಾಗಲ್ಲ. ಪ್ರಳಯದ ಕಥೆಯಲ್ಲಿ ಬರೋ ನೋಹನ ನಾವೆಯ ಅಳತೆ ಮೂಲದಲ್ಲಿ 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಸರಳ ಅನುವಾದಗಳು ಇದನ್ನು ಅಡಿಗೋ ಮೀಟರಿಗೋ ಬದಲಿಸುವುದು ರೂಢಿ. ಒಂದು ಮೊಳಕ್ಕೆ ಹೆಚ್ಚುಕಡಿಮೆ ಒಂದೂವರೆ ಅಡಿ, ಅಲ್ಲಿಗೆ 450 ಅಡಿ ಉದ್ದ. ಅಮೆರಿಕದ ಓದುಗನಿಗೆ ಈ ಉಪಕಾರ ಬೇಕಾಗಬಹುದು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಇವತ್ತಿಗೂ ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಕೊಳ್ಳುವ ನಮಗೆ ಅದರ ಅಗತ್ಯ ಅಷ್ಟೇನಿಲ್ಲ.

ಹಳೆ ಒಡಂಬಡಿಕೆಯ ರೂತ್ ಅನ್ನೋ ಹೆಂಗಸಿನ ಕಥೆಯಲ್ಲೂ ಹೀಗೇ. ಹಳೆ ಕನ್ನಡ ಅನುವಾದದಲ್ಲಿ ಆಕೆ ಹೊಲದಲ್ಲಿ ಹಕ್ಕಲಾಯುತ್ತಾಳೆ. ಕೊಯ್ದವರು ಬಿಟ್ಟುಹೋದ ತೆನೆ ಆರಿಸಿಕೊಳ್ಳೋದು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಹುಡುಗನಿಗೆ ಇದು ಕಷ್ಟದ ಪದ. ಹಾವೇರಿ ಕಡೆಯ ರೈತರ ಮನೆಯವರಿಗೆ ಅಲ್ಲ. ಹಾಗಾಗಿ ಸರಳ, ಕಠಿಣ ಅನ್ನೋದು ಓದೋರ ಮೇಲೂ ನಿಂತಿದೆ.

## ಕನ್ನಡಕ್ಕೆ ಹೇಗೆ ಬಂತು

ಚುಟುಕಾಗಿ ಹೇಳುತ್ತೇನೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈ ಹಾಕಿದರು. ವಿಲಿಯಂ ರೀವ್ ಜೊತೆಯಾದರು. ಪೂರ್ತಿ ಬೈಬಲ್ 1831ರಲ್ಲಿ ಆಯ್ತು. ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಬಂದರು. ಧಾರವಾಡದಲ್ಲಿ 1837, ಹುಬ್ಬಳ್ಳಿಯಲ್ಲಿ 1839, ಬೆಟಗೇರಿಯಲ್ಲಿ 1841ಕ್ಕೆ ಅವರ ಠಾಣ್ಯಗಳು ಶುರುವಾದವು. ಅವರ ಪೈಕಿ ಗಾಟ್‌ಫ್ರೀಡ್ ವೈಗಲ್, ಹರ್ಮನ್ ಮೋಗ್ಲಿಂಗ್ ಹಳೆ ಅನುವಾದವನ್ನು ತಿದ್ದುವ ಕೆಲಸ ಮಾಡಿದರು. ಮೋಗ್ಲಿಂಗ್ ಅಂದರೆ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದವರೇ. ಮುಂದೆಯೂ ಪರಿಷ್ಕರಣೆಗಳಾದವು. ಇವತ್ತು ಚರ್ಚುಗಳಲ್ಲಿ ಕೇಳುವ ಹಳೆ ಬೈಬಲಿನ ಕನ್ನಡ ಈ ವಂಶದ್ದು. ಅದರ ವಾಕ್ಯಗಳ ನಡಿಗೆ ನಮ್ಮ ಪತ್ರಿಕೆಯ ಕನ್ನಡಕ್ಕಿಂತ ಬೇರೆಯಾಗಿ ಕೇಳಲು ಇದೇ ಕಾರಣ.

## ಈಗ ಕೈಗೆ ಸಿಗುವವು

ಜೆ.ವಿ. ಅನ್ನೋದು ಆ ಹಳೆ ಪರಂಪರೆಯ ಬೈಬಲ್. ಮೇಲೆ "ಸತ್ಯವೇದವು" ಅಂತಿರುತ್ತದೆ. ಹೊರತರೋದು ಬೈಬಲ್ ಸೊಸೈಟಿ ಆಫ್ ಇಂಡಿಯಾ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಭಾನುವಾರ ಓದೋದು, ಬಾಯಿಪಾಠ ಮಾಡಿಸೋದು, ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗೋದು ಸಾಮಾನ್ಯವಾಗಿ ಇದೇ. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅನ್ನೋ 23ನೇ ಕೀರ್ತನೆಯ (ಹಳೆ ಒಡಂಬಡಿಕೆಯ ಹಾಡುಗಳಲ್ಲೊಂದು) ಸಾಲು ಕ್ರೈಸ್ತರಲ್ಲದವರ ಕಿವಿಗೂ ಬಿದ್ದಿರುತ್ತದೆ. ಅದು ಜೆ.ವಿ.ಯ ಧಾಟಿ. ಮೂಲಕ್ಕೆ ಹತ್ತಿರ, ಗಾಂಭೀರ್ಯ ಇದೆ, ಉದ್ದ ವಾಕ್ಯಗಳಲ್ಲಿ ಉಸಿರು ಕಟ್ಟಿಸುತ್ತದೆ.

ಸಿ.ಎಲ್. ಅಂದರೆ ಕಾಮನ್ ಲ್ಯಾಂಗ್ವೇಜ್, ಜನಸಾಮಾನ್ಯರ ಭಾಷೆಯದ್ದು. ಇದೂ ಬೈಬಲ್ ಸೊಸೈಟಿಯದ್ದೇ. ಅರ್ಥ ಹಿಡಿದು ಅನುವಾದ ಮಾಡಿದ್ದು. ಕಥೋಲಿಕರು ಬಳಸುವ ಕನ್ನಡ ಬೈಬಲಿನ ಪಠ್ಯವೂ ಇದೇ. ಸುವಾರ್ತೆಗೆ ಇಲ್ಲಿ ಶುಭಸಂದೇಶ ಅನ್ನುತ್ತಾರೆ. ಜೆ.ವಿ.ಯಲ್ಲಿ ಯೆಹೋವ ಅಂತಿರುವಲ್ಲಿ ಇದರಲ್ಲಿ ಸರ್ವೇಶ್ವರ ಅಂತಿರುತ್ತದೆ. ಹೊಸಬರು ಎರಡನ್ನೂ ಅಕ್ಕಪಕ್ಕ ಇಟ್ಟು ಇವು ಬೇರೆ ಬೇರೆ ದೇವರೋ ಏನೋ ಅಂದುಕೊಳ್ಳುವುದುಂಟು. ಅಲ್ಲ. ಹೀಬ್ರೂವಿನಲ್ಲಿ ದೇವರ ಹೆಸರು ನಾಲ್ಕು ವ್ಯಂಜನಗಳಲ್ಲಿ ಬರುತ್ತದೆ, ಯೆಹೂದಿಗಳು ಅದನ್ನು ಬಾಯಿಬಿಟ್ಟು ಉಚ್ಚರಿಸದೆ "ಒಡೆಯ" ಅನ್ನೋ ಅರ್ಥದ ಬೇರೆ ಮಾತು ಹೇಳುತ್ತಿದ್ದರು. ಒಂದು ಅನುವಾದ ಹೆಸರನ್ನು ಉಳಿಸಿಕೊಂಡಿತು, ಇನ್ನೊಂದು ಬಿರುದನ್ನು ಹಿಡಿಯಿತು.

ಈಸಿ ಟು ರೀಡ್ ಅನ್ನೋದು ಮೂರನೆಯದು. ಇದರ ಕನ್ನಡದ ಹೆಸರು "ಪರಿಶುದ್ಧ ಬೈಬಲ್", 1997ರದ್ದು. ಇದರ ಹಿಂದಿನ ಕಥೆ ಚೆನ್ನಾಗಿದೆ. ಇಂಗ್ಲಿಷಿನಲ್ಲಿ ಈ ಮಾದರಿ ಶುರುವಾದದ್ದು ಕಿವುಡರಿಗಾಗಿ. ಹುಟ್ಟಿನಿಂದ ಸನ್ನೆಭಾಷೆಯಲ್ಲಿ ಬೆಳೆದವರಿಗೆ ಉದ್ದುದ್ದ ಇಂಗ್ಲಿಷ್ ವಾಕ್ಯಗಳು ಕಷ್ಟವಾಗುತ್ತವೆ ಅಂತ ಚಿಕ್ಕ ವಾಕ್ಯಗಳಲ್ಲಿ ಬರೆದರು. ಆಮೇಲೆ ಅದೇ ಕ್ರಮ ಬೇರೆ ಭಾಷೆಗಳಿಗೂ ಹೋಯಿತು. ಕನ್ನಡದಲ್ಲೂ ವಾಕ್ಯ ಚಿಕ್ಕವು, ಪದ ಸುಲಭ. ಮಕ್ಕಳೂ ಓದಬಹುದು.

ಇನ್ನೊಂದು ಇಂಡಿಯನ್ ರಿವೈಸ್ಡ್ ವರ್ಷನ್, ಐ.ಆರ್.ವಿ. ಇದು 2019ರದ್ದು. ಹಳೆ ಅನುವಾದದ ಜಾಡಿನಲ್ಲೇ ಇದ್ದು ಭಾಷೆಯನ್ನು ಈ ಕಾಲಕ್ಕೆ ತಂದ ಪ್ರಯತ್ನ. ಮುಕ್ತ ಪರವಾನಗಿಯಲ್ಲಿ ಇರೋದರಿಂದ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಬಿಬ್ಲಿಕಾ ಸಂಸ್ಥೆಯ "ಕನ್ನಡ ಸಮಕಾಲಿಕ ಅನುವಾದ" ಕೂಡ ಇದೆ. ಇವೆರಡನ್ನೂ ಜನ ಫೋನಿನಲ್ಲೇ ಜಾಸ್ತಿ ಓದುತ್ತಾರೆ.

ಮನೆ ಬಾಗಿಲಿಗೆ ಬಂದು ಯಾರಾದರೂ "ಹೊಸ ಲೋಕ ಭಾಷಾಂತರ" ಕೊಟ್ಟರೆ ಅದು ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದ ಪ್ರಕಟಣೆ. ಯೇಸು ಯಾರು ಅನ್ನೋ ವಿಷಯದಲ್ಲಿ ಅವರ ನಂಬಿಕೆ ಉಳಿದ ಚರ್ಚುಗಳಿಗಿಂತ ಬೇರೆ, ಅದು ಯೋಹಾನ 1:1ರಂಥ ಕಡೆ ಅನುವಾದದಲ್ಲೂ ಕಾಣುತ್ತದೆ. ಹಾಗಾಗಿ ಉಳಿದ ಸಭೆಗಳವರು ಇದನ್ನು ಬಳಸಲ್ಲ. ಕೈಗೆತ್ತಿಕೊಳ್ಳುವ ಮುಂಚೆ ಇಷ್ಟು ಗೊತ್ತಿದ್ದರೆ ಸಾಕು.

## ಅಂದನೋ, ಅಂದರೋ?

ಇಂಗ್ಲಿಷಿನಲ್ಲಿ ಬೈಬಲ್ ಆರಿಸೋರಿಗೆ ಈ ತಲೆನೋವಿಲ್ಲ. ನಮಗಿದೆ.

ಜೆ.ವಿ. ತೆರೆದ ಕೂಡಲೇ ಮೊದಲ ಸಾಲು: "ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು." ದೇವರು ಅನ್ನೋದು ಗೌರವದ ರೂಪ, ಕ್ರಿಯಾಪದ ಮಾತ್ರ ಏಕವಚನ. ಯೇಸುವಿನ ವಿಷಯದಲ್ಲೂ ಆತನು ಬಂದನು, ಹೇಳಿದನು ಅಂತಲೇ ಇರುತ್ತದೆ. ಸಿ.ಎಲ್.ನಲ್ಲಿ ಯೇಸುಸ್ವಾಮಿ ಬಂದರು, ಹೇಳಿದರು. ಗ್ರೀಕ್‌ನಲ್ಲಾಗಲಿ ಹೀಬ್ರೂವಿನಲ್ಲಾಗಲಿ ನಮ್ಮ ಹಾಗೆ ಒಬ್ಬರಿಗೆ ಗೌರವಕ್ಕೆ ಬಹುವಚನ ಹಚ್ಚಿ ಮಾತಾಡೋ ರೂಢಿ ಇರಲಿಲ್ಲ. ಹಾಗಾಗಿ ಮೂಲ ನೋಡಿ ಇದನ್ನು ತೀರ್ಮಾನ ಮಾಡಲಾಗದು. ಕನ್ನಡದವರೇ ನಿರ್ಧಾರ ಮಾಡಬೇಕು.

ನಮ್ಮಲ್ಲಿ ಎರಡೂ ರೂಢಿ ಇದೆ. ದೇವರನ್ನು "ನೀನೇ ಕಾಪಾಡಪ್ಪಾ" ಅಂತ ಏಕವಚನದಲ್ಲಿ ಕರೆಯುತ್ತೇವೆ, ಕೂಡಲಸಂಗಮದೇವನನ್ನು ಬಸವಣ್ಣನವರು ಕರೆದದ್ದೂ ಹಾಗೇ. ಆದರೆ ಗುರುಗಳ ವಿಷಯ ಬೇರೆ. ಹುಬ್ಬಳ್ಳಿಯಲ್ಲಿ ಯಾರಾದರೂ ಸಿದ್ಧಾರೂಢನು ಬಂದನು ಅಂತಾರಾ? ಸಿದ್ಧಾರೂಢರು. ಶಿಶುನಾಳದಲ್ಲಿ ಶರೀಫರು. ಯೇಸುವನ್ನು ದೇವರು ಅಂತ ನೋಡಿದರೆ ಒಂದು ರೂಢಿ, ಗುರು ಅಂತ ನೋಡಿದರೆ ಇನ್ನೊಂದು. ಕ್ರೈಸ್ತರ ನಂಬಿಕೆಯಲ್ಲಿ ಆತ ಎರಡೂ ಹೌದು, ಸಮಸ್ಯೆ ಹುಟ್ಟೋದೇ ಅಲ್ಲಿ.

ಹೊಸ ಓದುಗರಿಗೆ ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, "ಅಂದನು, ಹೋದನು" ಓದಿ ಎಷ್ಟೋ ಜನ "ಏನ್ರೀ ಇದು, ಮರ್ಯಾದೆನೇ ಇಲ್ಲ" ಅಂತ ಪುಸ್ತಕ ಮುಚ್ಚುತ್ತಾರೆ. ಅದು ಅಗೌರವ ಅಲ್ಲ. ನಿಮ್ಮ ಕಿವಿಗೆ ಹಿಡಿಸದಿದ್ದರೆ ಸಿ.ಎಲ್. ಇದೆ. ಚರ್ಚಿನಲ್ಲಿ ಬೆಳೆದವರಿಗೆ ಉಲ್ಟಾ: ಬಹುವಚನ ಬಂದರೆ ಆಪ್ತತೆ ಹೋಯಿತು ಅನಿಸುತ್ತದೆ.

## ಪುಸ್ತಕ 66ಓ 73ಓ

ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳಿವೆ. ಹೆಚ್ಚಿನ ಏಳೂ ಹಳೆ ಒಡಂಬಡಿಕೆಯಲ್ಲಿವೆ. ತೊಬೀತ, ಮಕ್ಕಬಿಯರ ಎರಡು ಪುಸ್ತಕ ಮುಂತಾದವು. ಕ್ರಿಸ್ತಪೂರ್ವದಲ್ಲಿ ಗ್ರೀಕ್ ಮಾತಾಡುವ ಯೆಹೂದಿಗಳಿಗಾಗಿ ಹೀಬ್ರೂ ಗ್ರಂಥಗಳನ್ನು ಗ್ರೀಕ್‌ಗೆ ತಂದರು. ಆ ಗ್ರೀಕ್ ಸಂಗ್ರಹದಲ್ಲಿ ಈ ಪುಸ್ತಕಗಳೂ ಇದ್ದವು, ಹೀಬ್ರೂ ಪಟ್ಟಿಯಲ್ಲಿ ಇರಲಿಲ್ಲ. ಪ್ರೊಟೆಸ್ಟೆಂಟರು ಹೀಬ್ರೂ ಪಟ್ಟಿ ಹಿಡಿದರು. ಕಥೋಲಿಕ ಸಭೆ 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಈ ಪುಸ್ತಕಗಳೂ ಬೈಬಲಿನ ಭಾಗವೇ ಅಂತ ಘೋಷಿಸಿತು.

ಕೊಳ್ಳುವಾಗ ಪರಿವಿಡಿ ತೆಗೆದು ನೋಡಿದರೆ ಗೊತ್ತಾಗುತ್ತದೆ. ಸಿ.ಎಲ್. ಪಠ್ಯ ಎರಡು ಬಗೆಯಲ್ಲೂ ಅಚ್ಚಾಗುತ್ತದೆ, ಆದ್ದರಿಂದ "ಸಿ.ಎಲ್. ಕೊಡಿ" ಅಂದರಷ್ಟೇ ಸಾಲದು. ಹೊಸ ಒಡಂಬಡಿಕೆ ಮಾತ್ರ ಓದುವ ಇರಾದೆ ಇದ್ದರೆ ಈ ಚಿಂತೆಯೇ ಬೇಡ, ಅದು ಎರಡೂ ಕಡೆ ಅವೇ 27.

## ಒಂದು ವಚನವೇ ಕಾಣೆ!

ಮತ್ತಾಯ 17ನೇ ಅಧ್ಯಾಯದಲ್ಲಿ 20 ಆದ ಮೇಲೆ ನೇರ 22 ಬರೋ ಬೈಬಲುಗಳಿವೆ. 21 ಎಲ್ಲಿ ಹೋಯಿತು? ಅಚ್ಚಿನ ತಪ್ಪೂ ಅಲ್ಲ, ಯಾರೋ ಕದ್ದು ತೆಗೆದದ್ದೂ ಅಲ್ಲ.

ಅಚ್ಚು ಬರುವ ಮುಂಚೆ ಸಾವಿರದಿನ್ನೂರು ವರ್ಷಕ್ಕೂ ಹೆಚ್ಚು ಕಾಲ ಈ ಪುಸ್ತಕಗಳನ್ನು ಕೈಯಲ್ಲೇ ನಕಲು ಮಾಡುತ್ತಿದ್ದರು. ನಕಲು ಮಾಡೋರು ಕೆಲವೊಮ್ಮೆ ಅಂಚಿನ ಟಿಪ್ಪಣಿಯನ್ನು ಪಠ್ಯದೊಳಗೆ ಸೇರಿಸಿದರು, ಬೇರೆ ಸುವಾರ್ತೆಯಲ್ಲಿದ್ದ ಮಾತನ್ನು ಇಲ್ಲಿಗೂ ತಂದರು. 1551ರಲ್ಲಿ ಅಂಕಿ ಹಾಕಿದಾಗ ಕೈಯಲ್ಲಿದ್ದದ್ದು ಹೀಗೆ ಬೆಳೆದ ತಡವಾದ ಪ್ರತಿಗಳು. ಆಮೇಲೆ 19ನೇ ಶತಮಾನದಲ್ಲಿ, ಸುಮಾರು ನಾಲ್ಕನೇ ಶತಮಾನದ ಸಿನಾಯ್ ಹಸ್ತಪ್ರತಿ, ವ್ಯಾಟಿಕನ್ ಹಸ್ತಪ್ರತಿಗಳನ್ನು ಪಂಡಿತರು ಕೂಲಂಕಷವಾಗಿ ನೋಡಿದರು. ಅವುಗಳಲ್ಲಿ ಈ ವಚನ ಇರಲಿಲ್ಲ. ಹೊಸ ಅನುವಾದಗಳು ಅದನ್ನು ಅಡಿಟಿಪ್ಪಣಿಗೆ ಇಳಿಸಿದವು ಅಥವಾ ಆವರಣದೊಳಗೆ ಹಾಕಿದವು. ಅಂಕಿ ಬದಲಿಸಿದರೆ ಲೋಕದ ಎಲ್ಲರ ಲೆಕ್ಕ ತಪ್ಪುತ್ತದಲ್ಲ, ಹಾಗಾಗಿ ಅಂಕಿ ಹಾಗೇ ಉಳಿಯಿತು. ಮಾರ್ಕನ ಕೊನೆಯ ಹನ್ನೆರಡು ವಚನಗಳ ಸುತ್ತ ಆವರಣ ಕಂಡರೂ ಕಾರಣ ಇದೇ.

ಇಂಥ ಕಡೆ ಅಡಿಟಿಪ್ಪಣಿ ಕೊಟ್ಟು ವಿಷಯ ಹೇಳುವ ಆವೃತ್ತಿ, ಸುಮ್ನೆ ಬಿಟ್ಟುಬಿಡುವ ಆವೃತ್ತಿಗಿಂತ ಹೊಸಬರಿಗೆ ಮೇಲು.

## ಕಷ್ಟದ ಪುಟ ತೆಗೆದು ನೋಡಿ

ಎಲ್ಲರೂ ಮಾಡೋದು ಏನಂದರೆ, ಪುಸ್ತಕ ಕೈಗೆ ಸಿಕ್ಕ ಕೂಡಲೇ 23ನೇ ಕೀರ್ತನೆ ತೆಗೀತಾರೆ, ಇಲ್ಲವೇ ಮನೆ ಬಿಟ್ಟು ಹೋದ ಮಗನ ಕಥೆ. ಚೆನ್ನಾಗಿದೆ ಅನಿಸುತ್ತದೆ, ಕೊಳ್ಳುತ್ತಾರೆ. ಕಥೆ ಯಾವ ಅನುವಾದದಲ್ಲೂ ಚೆನ್ನಾಗೇ ಇರುತ್ತದೆ. ಮೂರು ತಿಂಗಳಾದ ಮೇಲೆ ಪತ್ರಗಳ ಭಾಗಕ್ಕೆ ಬಂದಾಗ ಗಾಡಿ ಕೆಸರಲ್ಲಿ ಹೂತುಕೊಳ್ಳುತ್ತದೆ.

ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳೋದು, ಪುಸ್ತಕದ ಅತಿ ಕಷ್ಟದ ಪುಟ ತೆಗೆದು ನೋಡಿ ಅಂತ. ಎಫೆಸದವರಿಗೆ ಬರೆದ ಪತ್ರದ 1ನೇ ಅಧ್ಯಾಯ, 3ರಿಂದ 14ನೇ ವಚನದವರೆಗೆ. ಗ್ರೀಕ್‌ನಲ್ಲಿ ಇದು ಇಡೀ ಒಂದೇ ವಾಕ್ಯ, ಸುಮಾರು 200 ಪದ! ದೇವರು ಆರಿಸಿಕೊಂಡ, ಬಿಡಿಸಿದ, ಗುಟ್ಟು ತಿಳಿಸಿದ, ಹಕ್ಕಿನ ಪಾಲು ಕೊಟ್ಟ, ಮುದ್ರೆ ಒತ್ತಿದ ಅಂತ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹೋಗುತ್ತದೆ. ಗ್ರೀಕ್‌ನಲ್ಲಿ ಕ್ರಿಯಾಪದ ಮುಂದೆ ಬಂದು ಉಳಿದದ್ದು ಹಿಂದಿನಿಂದ ಸೇರುತ್ತಾ ಹೋಗಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕು. ಆದ್ದರಿಂದ ಆ ವಾಕ್ಯವನ್ನು ಹಾಗೇ ಇಟ್ಟುಕೊಳ್ಳಲು ಹೋದಷ್ಟೂ ಯಾರು, ಏನು, ಯಾಕೆ ಮಾಡಿದರು ಅನ್ನೋದು ಕಡೆಯವರೆಗೂ ಬಾಕಿ ಉಳಿಯುತ್ತದೆ. ಎಲ್ಲಿ ತುಂಡು ಮಾಡಬೇಕು, ತುಂಡು ಮಾಡಿದ ಮೇಲೆ ಕೊಂಡಿ ಹೇಗೆ ಉಳಿಸಬೇಕು, ಇದರಲ್ಲಿ ಅನುವಾದಕರ ಕೈಚಳಕ ಪೂರ್ತಿ ಬಯಲಾಗುತ್ತದೆ.

ಒಂದು ಸಲ ಗಟ್ಟಿಯಾಗಿ ಓದಿ. ಪುಸ್ತಕ ಮುಚ್ಚಿ, ಜೊತೆಗೆ ಬಂದವರಿಗೆ ಅದರಲ್ಲಿ ಏನಿದೆ ಅಂತ ನಿಮ್ಮ ಮಾತಲ್ಲಿ ಹೇಳಿ. ಮೂರು ವಿಷಯ ಹೇಳಲು ಬಂದರೂ ಆ ಅನುವಾದ ನಿಮಗೆ ಆಗಿಬರುತ್ತದೆ. ಒಂದೂ ಬರದಿದ್ದರೆ ಬೇರೆಯದು ತೆಗೆಯಿರಿ. ನಿಮ್ಮ ತಲೆಯ ತಪ್ಪು ಅಂದುಕೊಳ್ಳಬೇಡಿ.

ಅಡಿಟಿಪ್ಪಣಿ ಹೇಗಿದೆ ಅಂತ ನೋಡಲು ಮತ್ತಾಯ 18:24 ತೆಗೆಯಿರಿ. ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ತೀರಿಸಬೇಕಾಗಿರುತ್ತದೆ. ಅವನಿಗೆ ಇನ್ನೊಬ್ಬ ನೂರು ದಿನಾರಿ ಕೊಡಬೇಕು. ಹಾಗಂದರೆ ನಮಗೇನು ತಿಳಿಯಬೇಕು? ದಿನಾರಿ ಅಂದರೆ ಕೂಲಿಯಾಳಿನ ಒಂದು ದಿನದ ಪಗಾರ, ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಲೆಕ್ಕ ಹಾಕಿ: ಅವನ ಸಾಲ ಆರು ಕೋಟಿ ದಿನಗಳ ಕೂಲಿ, ಯಾವ ಜನ್ಮಕ್ಕೂ ತೀರೋದಲ್ಲ. ಅರಸ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಅದೇ ಮನುಷ್ಯ ಹೊರಗೆ ಬಂದು ನೂರು ದಿನದ ಕೂಲಿಗಾಗಿ ಇನ್ನೊಬ್ಬನ ಕುತ್ತಿಗೆ ಹಿಡಿಯುತ್ತಾನೆ. ಈ ಲೆಕ್ಕ ಗೊತ್ತಿಲ್ಲದೆ ಆ ಕಥೆಯ ಪೆಟ್ಟು ತಾಕುವುದೇ ಇಲ್ಲ. ಪುಟದ ಕೆಳಗೆ ಎರಡು ಸಾಲಿನಲ್ಲಿ ಇದನ್ನು ಕೊಟ್ಟಿದ್ದರೆ ಆ ಆವೃತ್ತಿ ಓದುಗರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಕೆಲವದರಲ್ಲಿ ಹಿಂದೆ ಅಳತೆ-ತೂಕದ ಕೋಷ್ಟಕ ಇರುತ್ತದೆ, ಅದನ್ನೂ ನೋಡಿ.

## ಯಾರಿಗೆ ಯಾವುದು

ಚರ್ಚಿಗೆ ಹೋಗುತ್ತಿದ್ದೀರಾ? ಅಲ್ಲಿ ಯಾವುದು ಓದುತ್ತಾರೋ ಅದು ನಿಮ್ಮ ಬಳಿ ಇರಲೇಬೇಕು. ಪಾದ್ರಿಗಳು ಒಂದು ಓದುವಾಗ ನಿಮ್ಮ ಕೈಯಲ್ಲಿ ಬೇರೆ ಮಾತಿದ್ದರೆ ಕಣ್ಣು ಒಂದು ಕಡೆ, ಕಿವಿ ಒಂದು ಕಡೆ ಆಗುತ್ತದೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಇತರ ಪ್ರೊಟೆಸ್ಟೆಂಟ್ ಸಭೆ ಆದರೆ ಬಹುತೇಕ ಜೆ.ವಿ., ಕಥೋಲಿಕ ದೇವಾಲಯ ಆದರೆ ಸಿ.ಎಲ್. ಪಠ್ಯದ 73 ಪುಸ್ತಕಗಳ ಆವೃತ್ತಿ. ಮೊದಲು ಅಲ್ಲಿಯವರನ್ನೇ ಕೇಳಿ.

ಮನೆಯಲ್ಲಿ ಒಬ್ಬರೇ ಕೂತು, ಇದರಲ್ಲಿ ಏನಿದೆ ಅಂತ ತಿಳಿಯಲು ಓದೋರಿಗೆ ಈಸಿ ಟು ರೀಡ್ ಅಥವಾ ಸಿ.ಎಲ್. ನನ್ನ ಸಲಹೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಜೆ.ವಿ. ಬಿಟ್ಟು ಬೇರೆ ದಾರಿ ಇಲ್ಲ, ಕನ್ನಡ ಗದ್ಯದ ಚರಿತ್ರೆಯಲ್ಲಿ ಜಾಗ ಇರೋದು ಆ ಪರಂಪರೆಗೆ. ವಯಸ್ಸಾದವರಿಗೆ ಕೊಡಿಸೋದಾದರೆ ಅನುವಾದಕ್ಕಿಂತ ಮೊದಲು ಅಕ್ಷರದ ಗಾತ್ರ ನೋಡಿ.

## ಕಾಗದ, ಅಕ್ಷರ, ಫೋನು

ಪೂರ್ತಿ ಬೈಬಲಿನ ಕಾಗದ ಬಹಳ ತೆಳು. ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಯೇಸುವಿನ ಮಾತುಗಳನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕಿದ ಪ್ರತಿಗಳೂ ಇರುತ್ತವೆ. ಅಮೆರಿಕದಲ್ಲಿ 1899ರಲ್ಲಿ ಶುರುವಾದ ರೂಢಿ ಅದು, ಕೆಂಪು ಅಕ್ಷರ ಅಂದ ಮಾತ್ರಕ್ಕೆ ಬೇರೆ ಅನುವಾದ ಅಲ್ಲ. ಜಿಪ್ ಇರೋ ರೆಕ್ಸಿನ್ ಕವರು, ಬದಿಯಲ್ಲಿ ಹೆಬ್ಬೆರಳಿನ ಗುರುತು ಕೊರೆದದ್ದು, ಚಿನ್ನದ ಅಂಚು, ಇವೆಲ್ಲ ಮೊದಲ ಬೈಬಲಿಗೆ ಬೇಕಿಲ್ಲ. ಸಾದಾ ರಟ್ಟಿನದು ಸಾಕು, ಪೆನ್ಸಿಲ್ ಗೀಟು ಹಾಕಲು ಮನಸ್ಸು ಹಿಂಜರಿಯಲ್ಲ.

ದುಡ್ಡು ಕೊಡುವ ಮುಂಚೆ ಫೋನಿನಲ್ಲಿ ನೋಡಬಹುದು. ಯೂವರ್ಷನ್ ಆ್ಯಪ್ ಪುಕ್ಕಟೆ, ಅದರಲ್ಲಿ ಜೆ.ವಿ., ಸಿ.ಎಲ್., ಐ.ಆರ್.ವಿ. ಮೂರೂ ಇವೆ. ಎಫೆಸದ ಆ ಪುಟವನ್ನು ಒಂದೊಂದರಲ್ಲೂ ಓದಿ ನೋಡಲು ಹತ್ತು ನಿಮಿಷ ಸಾಕು. ಓದಲು ಬಾರದವರಿಗೆ ಆಡಿಯೋ ಕೂಡ ಸಿಗುತ್ತದೆ.

## ಎಲ್ಲಿಂದ ಶುರು ಮಾಡೋದು

ಮೊದಲ ಪುಟದಿಂದ ಶುರು ಮಾಡಿದವರು ಆದಿಕಾಂಡವನ್ನು ಖುಷಿಯಿಂದ ಓದುತ್ತಾರೆ, ವಿಮೋಚನಕಾಂಡದ ಅರ್ಧದವರೆಗೂ ಕಥೆ ಎಳೆದುಕೊಂಡು ಹೋಗುತ್ತದೆ. ಆಮೇಲೆ ಗುಡಾರದ ಅಳತೆ, ಯಾಜಕಕಾಂಡದ ಬಲಿಗಳ ನಿಯಮ. ಬಹಳ ಜನ ನಿಲ್ಲಿಸೋದು ಅಲ್ಲೇ.

ಮಾರ್ಕನಿಂದ ಶುರು ಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ರಜೆಯ ದಿನ ಒಂದೇ ಪಟ್ಟಿನಲ್ಲಿ ಮುಗಿಯುತ್ತದೆ. ಹಳೆ ಒಡಂಬಡಿಕೆಯ ರುಚಿ ನೋಡಲು ರೂತಳ ಪುಸ್ತಕ. ನಾಲ್ಕೇ ಅಧ್ಯಾಯ, ಅತ್ತೆ-ಸೊಸೆಯ ಕಥೆ, ಜವೆಗೋಧಿಯ ಸುಗ್ಗಿ, ಹೊಲ ಬಿಡಿಸಿಕೊಳ್ಳುವ ಪಂಚಾಯ್ತಿ, ನಮ್ಮ ಕಡೆಯವರಿಗೆ ಏನೂ ಪರಕೀಯ ಅನಿಸಲ್ಲ. ಆಮೇಲೆ ಲೂಕ, ಅದಾದ ಮೇಲೆ ಯೋಹಾನನನ್ನು ದಾಟಿಕೊಂಡು ನೇರ ಅಪೊಸ್ತಲರ ಕೃತ್ಯಗಳು, ಅಂದರೆ ಮೊದಲ ಶಿಷ್ಯರ ಕಥೆ. ಲೂಕ, ಅಪೊಸ್ತಲರ ಕೃತ್ಯಗಳು ಎರಡನ್ನೂ ಥೆಯೊಫಿಲ ಅನ್ನೋ ಒಬ್ಬನೇ ವ್ಯಕ್ತಿಗೆ ಬರೆದದ್ದು, ಒಂದೇ ಕಥೆಯ ಎರಡು ಭಾಗ. ಈಗಿನ ಜೋಡಣೆಯಲ್ಲಿ ಯೋಹಾನ ನಡುವೆ ಬಂದು ಕೂತಿರೋದರಿಂದ ಅದು ಗೊತ್ತಾಗಲ್ಲ, ಅಷ್ಟೇ.